ದ್ಯಾಮವ್ವನ ಮನೆಯ ಮೇಲೆ ನಿಂತ ನೀಲಿ ಚುಕ್ಕಿ

ನನ್ನ ಮೊಬೈಲಿಗೆ ಚಾರ್ಜರ್ ಚುಚ್ಚಿದಾಗ ಇಂದಿಗೂ ಒಮ್ಮೊಮ್ಮೆ ಜೋಳದ ಹಿಟ್ಟು ಉದುರುತ್ತದೆ. ಹೆಚ್ಚೇನಿಲ್ಲ, ಬೆರಳ ತುದಿಗೆ ಮೆತ್ತಿಕೊಳ್ಳುವಷ್ಟು. ರಿಪೇರಿ ಅಂಗಡಿಯವನು ಎರಡು ಸಲ ಗಾಳಿ ಊದಿ, ಒಂದು ಸಲ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, "ಎಲ್ಲಾ ಹೋತ ನೋಡ್ರಿ" ಅಂದ. ಹೋಗಿರಲಿಲ್ಲ. ಪೂರ್ತಿ ಹೋಗಲಿ ಎಂದು ನನಗೂ ಈಗ ಅನ್ನಿಸುವುದಿಲ್ಲ. ಬೆರಳಿಗೆ ಹಿಟ್ಟು ಹತ್ತಿದಾಗಲೆಲ್ಲ ಒಂದು ನಿಮಿಷ ಸುಮ್ಮನೆ ಕೂರುತ್ತೇನೆ. ಹೆಂಡತಿ ಸರೋಜಾ ಅಡುಗೆಮನೆಯಿಂದಲೇ, "ಮತ್ತ ಹಿಟ್ಟ ಬಂತೇನ್ರಿ?" ಎಂದು ಕೇಳುತ್ತಾಳೆ. ನಾನು ಸುಮ್ಮನಾದರೆ ಏನಾಗಿದೆ ಎಂದು ಅವಳಿಗೆ ತಿಳಿಯುತ್ತದೆ.

ಆ ಹಿಟ್ಟಿನ ಕಥೆ ಹೇಳಬೇಕು. ಆದರೆ ನಾನು ಯಾವುದನ್ನೂ ನೇರವಾಗಿ ಹೇಳಿ ಅಭ್ಯಾಸವಿಲ್ಲದವನು. ಮೂವತ್ತನಾಲ್ಕು ವರ್ಷ ಭೂಮಾಪಕನಾಗಿದ್ದೆ. ಹೊಲ ಎಷ್ಟಿದೆ ಎಂದು ಯಾರಾದರೂ ಕೇಳಿದರೆ, ಬಾಯಿ ಬಿಡುವ ಮೊದಲು ನಾಲ್ಕೂ ಬದುವಿನ ಮೇಲೆ ಒಂದು ಸುತ್ತು ನಡೆದು ಬರುವುದು ನನ್ನ ಚಾಳಿ. ಕಥೆಗೂ ಅದೇ ಚಾಳಿ ಹತ್ತಿಕೊಂಡಿದೆ. ಸ್ವಲ್ಪ ನಡೆಯೋಣ, ಬನ್ನಿ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಅಳತೆ ಎಂದರೆ ಕಬ್ಬಿಣದ ಸರಪಳಿ. ಉದ್ದ ಮೂವತ್ತಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದು ಒಂದು ಗುಂಟೆ. ಲೆಕ್ಕ ಇಷ್ಟು ಸರಳ. ಆದರೆ ಸರಪಳಿ ಸರಳವಾಗಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಾದು ಕೂದಲೆಳೆಯಷ್ಟು ಹಿಗ್ಗುತ್ತಿತ್ತು. ಹಿಡಿದು ಎಳೆಯುವವನು ಉಂಡು ಬಂದಿದ್ದರೆ ಬಿಗಿ, ಹಸಿದಿದ್ದರೆ ಸಡಿಲ. ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಬದುಗಳ ಮೇಲೆ ಅದನ್ನು ಹೊತ್ತು ತಿರುಗಿದ್ದೇನೆ. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗೊತ್ತುಮಾಡಲು ಹೋದಾಗ, ಎರಡೂ ಕಡೆಯ ರೈತರು ಕಣ್ಣು ಕೆಂಪಗೆ ಮಾಡಿಕೊಂಡು ನಿಂತು, "ಸಾಹೇಬ್ರ, ಖರೇ ಹದ್ದು ಎಲ್ಲೈತಿ ಹೇಳ್ರಿ" ಅನ್ನುತ್ತಿದ್ದರು. ನಾನು ಗೂಟ ಬಡಿದು, "ಇಲ್ಲೈತಿ. ಆದ್ರ ಒಂದ ಗೇಣ ಆ ಕಡೆ, ಒಂದ ಗೇಣ ಈ ಕಡೆ ಅಂತ ತಿಳಕೋರಿ" ಅನ್ನುತ್ತಿದ್ದೆ. ಅವರಿಗೆ ಇದು ಸೇರುತ್ತಿರಲಿಲ್ಲ. ಜಗಳ ಮಾಡುವವನಿಗೆ ಗೇಣಿನ ಮಾತು ಯಾಕೆ ಬೇಕು? ಬೆನ್ನ ಹಿಂದೆ ನನಗೆ 'ಗೇಣ್ ಸಾಹೇಬ' ಎಂದು ಹೆಸರಿಟ್ಟಿದ್ದರಂತೆ. ನಿವೃತ್ತಿಯ ದಿನ ಕಚೇರಿಯ ಗೆಳೆಯರೇ ಅದನ್ನು ಹೇಳಿ ನಕ್ಕರು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಈ ಗೇಣನ್ನು ನಾನು ಕಲಿತದ್ದು ಇಲಾಖೆಯಲ್ಲಲ್ಲ, ಅವ್ವನ ಹತ್ತಿರ. ನಮ್ಮದು ಆಡೂರು. ಊರಲ್ಲಿ ಹಳೆಯ ಶಾಸನದ ಕಲ್ಲುಗಳಿವೆ. ಯಾವುದೋ ರಾಜ ಯಾರಿಗೋ ಭೂಮಿ ಕೊಟ್ಟದ್ದನ್ನು ಬರೆಸಿದ್ದಾನೆ ಎಂದು ದೊಡ್ಡವರು ಹೇಳುತ್ತಿದ್ದರು. ನಾವು ಹುಡುಗರು ಅದರ ನೆರಳಲ್ಲಿ ಗೋಲಿ ಆಡುತ್ತಿದ್ದೆವು. ಅಲ್ಲಿಂದ ನಮ್ಮ ಮನೆಗೆ ಎಷ್ಟು ದೂರ ಎಂದು ಅವ್ವನನ್ನು ಕೇಳಿದರೆ, "ಒಂದ ಎಲಿ ಮಡಚಿ ಬಾಯಾಗ ಇಟ್ಕೊಂಡ್ರ, ಅದು ಕೆಂಪಾಗೂದ್ರಾಗ ಬರತೈತಿ" ಅನ್ನುತ್ತಿದ್ದಳು. ಹಳ್ಳದ ದೂರ ಕೇಳಿದರೆ, "ಎಮ್ಮಿ ಎರಡ ಸಲ ನಿಂತ ನೋಡತೈತಿ, ಅಷ್ಟ." ಎಮ್ಮೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಾನು ಒಂದು ದಿನ ಅದರ ಹಿಂದೆಯೇ ಎಣಿಸುತ್ತ ಹೋಗಿ, ಎಣಿಕೆ ತಪ್ಪಿ ಕೆಸರಿನಲ್ಲಿ ಬಿದ್ದದ್ದೂ ಉಂಟು. ಅವ್ವ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುತ್ತಿದ್ದಳು. ನಾನು ಎಲ್ಲಿಂದಲೋ "ಓ" ಅಂದರೆ, ಆ 'ಓ' ಹುಣಸೆಮರದ್ದೋ ಬಾವಿಕಟ್ಟೆಯದ್ದೋ ಅವಳಿಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಇನ್ನೊಂದು ಸಲ ಕೂಗುತ್ತಿದ್ದಳು. ಸಂಶಯ ಬಂದರೆ ಇನ್ನೊಂದು ಸಲ ಕೇಳಬೇಕು ಎಂಬುದೇ ಅವಳ ಅಳತೆಯ ಕ್ರಮ.

ಈಗ ನಮ್ಮ ಮನೆ ಹಾನಗಲ್ಲಿನ ಒಂದು ಓಣಿಯಲ್ಲಿದೆ. ಮಗಳು ಅಶ್ವಿನಿ ಹಿರೇಕೆರೂರಿನಲ್ಲಿ ಶಿಕ್ಷಕಿ. ಮದುವೆಗೆ ಮುಂಚೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬಸ್ಸು ತಡವಾದರೆ ಸರೋಜಾ ಬಾಗಿಲಿಗೂ ಒಲೆಗೂ ಓಡಾಡುವುದನ್ನು ನೋಡಲಾರದೆ, ಅಶ್ವಿನಿಯೇ ನಮ್ಮ ಮೂವರ ಮೊಬೈಲಿನಲ್ಲೂ ಯಾರು ಎಲ್ಲಿದ್ದಾರೆ ಎಂದು ತೋರಿಸುವ ಆ್ಯಪ್ ಹಾಕಿಕೊಟ್ಟಳು. ನಕ್ಷೆಯ ಮೇಲೆ ನೀಲಿ ಚುಕ್ಕಿ. ಚುಕ್ಕಿಯೇ ಮಗಳು. ಸರೋಜಾಗೆ ಅದು ಬಹಳ ಹಿಡಿಸಿತು. ಚುಕ್ಕಿ ಊರ ಹೊರಗಿನ ಪೆಟ್ರೋಲ್ ಬಂಕ್ ದಾಟಿದರೆ ಚಹಾಕ್ಕೆ ನೀರಿಡುವುದು, ಬಸ್‌ಸ್ಟ್ಯಾಂಡಿಗೆ ಬಂದರೆ ಸೋಸುವುದು. ಅಶ್ವಿನಿ ಚಪ್ಪಲಿ ಬಿಡುವ ಹೊತ್ತಿಗೆ ಲೋಟ ತಯಾರು.

ಸವಣೂರಿನಲ್ಲಿರುವ ನನ್ನ ಮೈದುನನಿಗೂ ಅವಳೇ ಹಾಕಿಕೊಟ್ಟಳು. ಅವನು ಹತ್ತು ದಿನ ಇಟ್ಟುಕೊಂಡು ತೆಗೆದುಹಾಕಿದ. ಕಾರಣ ನಾನೇ. ಅವನು ನಮ್ಮ ಕಡೆಯ ಎಲ್ಲರಂತೆ ಮನೆಯಲ್ಲಿ ಹಾಸಿಗೆಯ ಮೇಲೆ ಕೂತೇ, "ಬಂದ್ನಿ, ಬಂದ್ನಿ, ಇಲ್ಲೇ ದಾರ್ಯಾಗ ಅದೇನಿ" ಅನ್ನುವವನು. ನಾನು ಒಮ್ಮೆ, "ಹಂಗಾರ ನಿನ್ನ ಮಂಚಕ್ಕ ಗಾಲಿ ಅದಾವೇನೋ?" ಎಂದುಬಿಟ್ಟೆ. ಪಾಪ, ಒಂದು ಸುಖದ ಸುಳ್ಳನ್ನು ಕಸಿದುಕೊಂಡೆ.

ಒಂದು ಸಂಜೆ ಸರೋಜಾ ಮೊಬೈಲ್ ಹಿಡಿದು ಬಿಳಚಿಕೊಂಡು ಬಂದಳು. "ಏನ್ರಿ, ಅಶ್ವಿನಿ ಕೆರ್‍ಯಾಗ ನಿಂತಾಳ!" ನೋಡಿದೆ. ರಸ್ತೆಯ ಪಕ್ಕದ ಕೆರೆಯ ನಟ್ಟನಡುವೆ ಚುಕ್ಕಿ. ನಾನು ಕನ್ನಡಕ ಹಾಕಿಕೊಂಡು, ನಿವೃತ್ತ ಭೂಮಾಪಕನ ಠೀವಿಯಿಂದ ವಿವರಿಸಿದೆ. "ಚುಕ್ಕಿ ಅಷ್ಟ ನೋಡಬ್ಯಾಡ. ಅದರ ಸುತ್ತ ತೆಳ್ಳಗ ನೀಲಿ ವರ್ತುಲ ಐತಿ ನೋಡು. ಆಕಿ ಈ ವರ್ತುಲದಾಗ ಎಲ್ಲಿ ಬೇಕಾದ್ರೂ ಇರಬಹುದು ಅಂತ ಅದರ ಅರ್ಥ. ಮೊಬೈಲಿಗೆ ಆಕಾಶ ಚಲೋ ಕಂಡ್ರ ವರ್ತುಲ ಸಣ್ಣದಾಗತೈತಿ. ಬಸ್ಸಿನ ತಗಡಿನ ಕೆಳಗ, ಮಂದಿ ನಡುವ, ವ್ಯಾನಿಟಿ ಬ್ಯಾಗಿನ ತಳದಾಗ ಇದ್ರ ದೊಡ್ಡದಾಗತೈತಿ." ಸರೋಜಾ ವರ್ತುಲ ನೋಡಿದಳು. ರಸ್ತೆಯೂ ಅದರೊಳಗೇ ಇತ್ತು. ಅವಳು ನಿಟ್ಟುಸಿರು ಬಿಟ್ಟು, "ಹಂಗಾರ ಇದೂ ಗೇಣಿನ ಲೆಕ್ಕಾನ ಅನ್ರಿ" ಅಂದಳು. ಆ ಮಾತನ್ನು ನಾನು ಮೆಚ್ಚಿಕೊಂಡು ನಾಲ್ಕು ಮಂದಿಗೆ ಹೇಳಿಕೊಂಡು ತಿರುಗಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ವರ್ತುಲದ ವಿಷಯ ನನಗೆ ಗೊತ್ತಿರಲಿಲ್ಲ ಎಂದು ನೆಪ ಹೇಳಲು ನನಗೆ ದಾರಿಯಿಲ್ಲ.

ಇನ್ನು ಹಿಟ್ಟಿಗೆ ಬರುತ್ತೇನೆ. ಅಶ್ವಿನಿಯ ಲಗ್ನ ಶಿಗ್ಗಾಂವದ ಹುಡುಗನ ಜೊತೆ ಗೊತ್ತಾಯಿತು. ನಮ್ಮ ಕಡೆ ಲಗ್ನಕ್ಕೆ ಖಡಕ್ ರೊಟ್ಟಿ ಬೇಕು, ಅದೂ ಸಾವಿರದ ಲೆಕ್ಕದಲ್ಲಿ. ಒಂದು ಮನೆಯ ಒಲೆಗೆ ಆಗುವ ಕೆಲಸವಲ್ಲ. ಅದಕ್ಕೆ ಲಗ್ನದ ಮನೆಯವರು ಜೋಳ ಬೀಸಿಸಿ, ಹಿಟ್ಟನ್ನು ಓಣಿಯ ಮನೆಮನೆಗೆ ಅಳೆದು ಕೊಡುತ್ತಾರೆ. ಒಬ್ಬೊಬ್ಬರೂ ತಮ್ಮ ಒಲೆಯ ಮೇಲೆ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ತಂದುಕೊಡುತ್ತಾರೆ. ಇದಕ್ಕೆ ಕೂಲಿಯಿಲ್ಲ. ಇವತ್ತು ನಮ್ಮದು, ನಾಳೆ ಅವರದು. ಹಿಟ್ಟು ತೆಗೆದುಕೊಂಡವರು ಲಗ್ನದ ಮನೆಯವರಾದ ಹಾಗೆ. ತೆಗೆದುಕೊಂಡ ಹಿಟ್ಟನ್ನು ಯಾರೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ, ನಿಮಗೂ ನಮಗೂ ಮುಗಿಯಿತು ಎಂದು ಅರ್ಥ.

ನಮ್ಮ ಓಣಿಯಲ್ಲಿ ಹನ್ನೊಂದು ಮನೆ. ಓಣಿಯ ಕೊನೆಯಲ್ಲಿ ನನ್ನ ಅಕ್ಕ ಶಾಂತಕ್ಕನ ಮನೆ. ಅದಕ್ಕೆ ಗೋಡೆ ಹಚ್ಚಿಕೊಂಡೇ, ನೀಲಿ ತಗಡಿನ ಚಾವಣಿಯ ಒಂದು ಖೋಲಿ. ಅದರಲ್ಲಿ ದ್ಯಾಮವ್ವ ಬಾಡಿಗೆಗೆ ಇದ್ದಾಳೆ. ದುಂಡಸಿಯವಳು, ಮೂರು ವರ್ಷದ ಹಿಂದೆ ಒಬ್ಬಳೇ ಬಂದವಳು, ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಕೈಯ ರೊಟ್ಟಿ ಓಣಿಯಲ್ಲೆಲ್ಲ ತೆಳ್ಳಗೆ. ಶಾಂತಕ್ಕನಿಗೆ ಅದೇ ಒಂದು ಸಂಕಟ, ಯಾಕೆಂದರೆ ದ್ಯಾಮವ್ವ ಬರುವ ಮೊದಲು ಆ ಮಾತು ಶಾಂತಕ್ಕನ ರೊಟ್ಟಿಯ ಬಗ್ಗೆ ಇತ್ತು.

ಲಗ್ನಕ್ಕೆ ಮುಂಚಿನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಿಟ್ಟು ಅಳೆಯಲು ನಿಂತೆ. ಒಬ್ಬೊಬ್ಬರು ಡಬ್ಬಿ, ಬುಟ್ಟಿ, ಚೀಲ ತಂದರು. ಯಾರಿಗೆ ಎಷ್ಟು ಸೇರು ಎಂಬ ಪಟ್ಟಿ ನನ್ನ ಮೊಬೈಲಿನಲ್ಲಿತ್ತು. ಅಳೆದು, ಹೆಸರಿನ ಮುಂದೆ ಗುರುತು ಹಾಕಿ, ಮೊಬೈಲನ್ನು ಅಂಗಿಯ ಮೇಲುಜೇಬಿಗೆ ಹಾಕಿಕೊಳ್ಳುತ್ತಿದ್ದೆ. ದ್ಯಾಮವ್ವ ಚೀಲ ತಂದಿದ್ದಳು. ಶಾಂತಕ್ಕ ಕೊನೆಯವಳು, ಸ್ಟೀಲಿನ ದೊಡ್ಡ ಡಬ್ಬಿ ತಂದಿದ್ದಳು. ಬಗ್ಗಿ ಆ ಡಬ್ಬಿಯನ್ನು ಎತ್ತಿ ಅವಳ ಸೊಂಟದ ಮೇಲೆ ಇಟ್ಟವನು ನಾನೇ. ಮಧ್ಯಾಹ್ನ ಒಂದಕ್ಕೆ ದ್ಯಾಮವ್ವ ನಮ್ಮ ಮೊರವನ್ನು ತಿರುಗಿ ಕೊಡಲು ಬಂದಳು, ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋದಳು.

ನಾಲ್ಕು ಗಂಟೆಗೆ ಮೊಬೈಲ್ ಇಲ್ಲ. ಕರೆ ಮಾಡಿದರೆ ಹೋಗುತ್ತದೆ, ಸದ್ದಿಲ್ಲ. ನಾನು ಅದನ್ನು ಸೈಲೆಂಟಿನಲ್ಲಿ ಇಟ್ಟಿರುತ್ತೇನೆ. ದೂರದಿಂದಲೇ ಜೋರಾಗಿ ಬಾರಿಸುವ ಉಪಾಯ ಇದೆಯಂತೆ, ಆ ದಿನ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. "ಕಡೀಕ ಯಾವಾಗ ನೋಡಿದ್ರಿ?" ಎಂದು ಸರೋಜಾ ಕೇಳಿದಳು. "ಊಟಕ್ಕ ಕೂಡೂಕಿಂತ ಮುಂಚೆ, ಕಟ್ಟಿ ಮ್ಯಾಲ ಇಟ್ಟಿದ್ನಿ" ಅಂದೆ. ಖಚಿತವಾಗಿ ಅಂದೆ. ದಿನವೂ ಅಲ್ಲೇ ಇಡುತ್ತೇನೆ, ನಿನ್ನೆ ಇಟ್ಟದ್ದು ಕಣ್ಣಿಗೆ ಕಟ್ಟಿತ್ತು, ಅದನ್ನೇ ಇವತ್ತಿನದೆಂದು ಹೇಳಿದೆ. ಈಗ ಯೋಚಿಸಿದರೆ, ಆ ಸಂಜೆ ಮೊದಲು ತಪ್ಪಿದ್ದು ಆ್ಯಪ್ ಅಲ್ಲ, ನಾನು.

ಅಶ್ವಿನಿ ತನ್ನ ಮೊಬೈಲಿನಲ್ಲಿ ನಕ್ಷೆ ತೆರೆದಳು. ಮೇಲಿನಿಂದ ತೆಗೆದ ಚಿತ್ರದಲ್ಲಿ ನಮ್ಮ ಓಣಿಯ ಚಾವಣಿಗಳೆಲ್ಲ ಕಾಣುತ್ತಿದ್ದವು. ಚುಕ್ಕಿ ನೀಲಿ ತಗಡಿನ ಮೇಲೆ ನಿಂತಿತ್ತು. ಒಂದು ಮೂಲೆಯಲ್ಲಿ ಅಲ್ಲ, ನಡುವೆ, ಹಣೆಗೆ ಕುಂಕುಮ ಇಟ್ಟ ಹಾಗೆ.

ಶಾಂತಕ್ಕ ಅಷ್ಟರಲ್ಲಿ ಸುದ್ದಿ ತಿಳಿದು ಬಂದಿದ್ದಳು. "ಕಟ್ಟಿ ಮ್ಯಾಲ ಕುಂತಾಕಿ ಯಾರು? ಆಕೀನ. ಇನ್ನೇನ ಬೇಕ ನಿನಗ, ತಮ್ಮಾ?" ಅಂದಳು.

"ಅಪ್ಪಾ, ಸುಮ್ನ ಒಮ್ಮೆ ಕೇಳಿ ನೋಡೂಣು" ಎಂದು ಅಶ್ವಿನಿ ಅಂದಳು. ಅವಳು 'ಕೇಳಿ' ಎಂದಿದ್ದಳು. ಇದನ್ನು ನಾನು ಸ್ಪಷ್ಟವಾಗಿ ನೆನಪಿಟ್ಟಿದ್ದೇನೆ.

ನಾನು, ಶಾಂತಕ್ಕ, ಅಶ್ವಿನಿ ಮೂವರು ಹೋದೆವು. ಹಿಂದೆ ಓಣಿಯ ಮೂರು ನಾಲ್ಕು ಮಂದಿ ಬಂದರು. ದ್ಯಾಮವ್ವನ ಬಾಗಿಲು ತೆರೆದೇ ಇತ್ತು. ಅವಳು ಹಿಟ್ಟಿನ ಚೀಲ ಮುಂದಿಟ್ಟುಕೊಂಡು ಜರಡಿ ಹಿಡಿದು ಕೂತಿದ್ದಳು. ನಮ್ಮನ್ನು ನೋಡಿ, "ಬರ್ರಿ ಅಣ್ಣಾರ, ಕುಂದರ್ರಿ" ಎಂದು ಎದ್ದಳು. ನಾನು ಹೊಸ್ತಿಲಲ್ಲೇ ನಿಂತು ಹೇಳಿದ ಮಾತು ಇದು:

"ದ್ಯಾಮವ್ವಾ, ನನ್ನ ಮೊಬೈಲ್ ನಿಮ್ಮ ಮನ್ಯಾಗ ಐತಿ."

ಐತೇನು ಎಂದು ಕೇಳಲಿಲ್ಲ. ಐತಿ ಎಂದು ಹೇಳಿದೆ. ಮೂವತ್ತನಾಲ್ಕು ವರ್ಷ ಮಂದಿಯ ಹೊಲದಲ್ಲಿ ಗೇಣು ಬಿಟ್ಟು ಮಾತಾಡಿದವನು, ಒಬ್ಬ ಹೆಣ್ಣುಮಗಳ ಹೊಸ್ತಿಲಲ್ಲಿ ಒಂದು ಬೆರಳಿನಷ್ಟೂ ಬಿಡಲಿಲ್ಲ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ನಿಮ್ಮ ಮೊಬೈಲ್ ಇಲ್ಲಿ ಎದಕ್ಕ ಇರ್ತೈತ್ರಿ?" ಅಂದಳು. ಅಶ್ವಿನಿ ಸಂಕೋಚದಿಂದ ಮೊಬೈಲಿನ ತೆರೆಯನ್ನು ತೋರಿಸಿದಳು. ದ್ಯಾಮವ್ವ ಕೈ ಒರೆಸಿಕೊಂಡು, ಬಗ್ಗಿ ನೋಡಿದಳು. ತನ್ನ ಚಾವಣಿಯನ್ನು ಮೇಲಿನಿಂದ ಅವಳು ಅದೇ ಮೊದಲ ಸಲ ನೋಡಿದ್ದಿರಬೇಕು. "ಇದು ನನ್ನ ತಗಡೇನು?" ಅಂದಳು. "ಈ ಬೊಟ್ಟ ಹೇಳಿತೇನ್ರಿ ನಿಮಗ?"

"ಬೊಟ್ಟ ಸುಳ್ಳ ಹೇಳೂದಿಲ್ಲವಾ" ಎಂದು ಶಾಂತಕ್ಕ ಹಿಂದಿನಿಂದ ಅಂದಳು. "ಅದು ಆಕಾಶದಾಗಿಂದ ನೋಡತೈತಿ."

ದ್ಯಾಮವ್ವ ಒಳಗೆ ತಿರುಗಿದಳು. ಟ್ರಂಕು ಎಳೆದು ತಂದು ತೆರೆದಳು. ನಾಲ್ಕು ಸೀರೆಗಳನ್ನು ಒಂದೊಂದಾಗಿ ಝಾಡಿಸಿ ಕೆಳಗಿಟ್ಟಳು. ಹಾಸಿಗೆ ಬಿಚ್ಚಿದಳು. ಬ್ಯಾಳಿ ಡಬ್ಬಿ, ಖಾರದ ಡಬ್ಬಿಗಳ ಮುಚ್ಚಳ ತೆಗೆದು ಸಾಲಾಗಿ ಇಟ್ಟಳು. ಕೊನೆಗೆ ಒಂದು ಬಿಳಿ ಬಟ್ಟೆ ಹಾಸಿ, ನಾನು ಅಳೆದು ಕೊಟ್ಟ ಹಿಟ್ಟನ್ನೇ ಅದರ ಮೇಲೆ ಸುರಿದು, ಕೈಯಾಡಿಸಿ ತೋರಿಸಿದಳು. 'ಬ್ಯಾಡ' ಎನ್ನಬೇಕಾದದ್ದು ಟ್ರಂಕಿನ ಹೊತ್ತಿಗೆ. ನಾನು ಅಂದದ್ದು ಹಿಟ್ಟಿನ ಹೊತ್ತಿಗೆ.

ಆಗ ಐದು ಗಂಟೆಯಾಯಿತು. ಐದಕ್ಕೆ ನಮ್ಮ ನಳಕ್ಕೆ ನೀರು ಬರುತ್ತದೆ. ಮರೆಯಬಾರದೆಂದು ನನ್ನ ಮೊಬೈಲಿನಲ್ಲಿ ಅಶ್ವಿನಿ ಅಲಾರಾಂ ಇಟ್ಟಿದ್ದಳು, ತಮಾಷೆಗೆ ಕೋಳಿ ಕೂಗುವ ಸದ್ದು. ಸೈಲೆಂಟಿನಲ್ಲಿದ್ದರೂ ಅಲಾರಾಂ ಹೊಡೆದುಕೊಳ್ಳುತ್ತದೆ. ಗೋಡೆಯ ಆಚೆಯಿಂದ, ಶಾಂತಕ್ಕನ ಅಡುಗೆಮನೆಯಿಂದ, ಕಂಬಳಿ ಹೊದ್ದುಕೊಂಡು ಕೂಗಿದ ಹಾಗೆ, ಒಂದು ಹುಂಜ ಕೂಗಿತು. ಮತ್ತೆ ಕೂಗಿತು.

ಶಾಂತಕ್ಕನ ಮನೆಯಲ್ಲಿ ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟುವುದಿಲ್ಲ, ಕೋಳಿಯಂತೂ ದೂರದ ಮಾತು. ಎಲ್ಲರೂ ಗೋಡೆಯ ಕಡೆ ತಿರುಗಿದರು.

"ಅಕ್ಕಾರ, ಕೋಳಿ ಯಾವಾಗ ಸಾಕಿದ್ರಿ?" ಎಂದು ದ್ಯಾಮವ್ವ ಕೇಳಿದಳು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.

ಶಾಂತಕ್ಕ ಒಳಗೆ ಹೋಗಿ, ಸ್ಟೀಲಿನ ಡಬ್ಬಿಯನ್ನು ಹೊರಗೆ ತಂದು ಇಟ್ಟಳು. ನಾನು ಮೊಳಕೈವರೆಗೆ ಕೈ ಹಾಕಿ ತೆಗೆದೆ. ಮೊಬೈಲ್ ಮೈತುಂಬ ವಿಭೂತಿ ಬಳಿದುಕೊಂಡ ಹಾಗಿತ್ತು, ಇನ್ನೂ ಕೂಗುತ್ತಿತ್ತು. ಎಲ್ಲಿ ಒತ್ತಿದರೂ ಹಿಟ್ಟು, ನಿಲ್ಲಲೊಲ್ಲದು. ಡಬ್ಬಿ ಎತ್ತಲು ಬಗ್ಗಿದಾಗ ಜೇಬಿನಿಂದ ಜಾರಿ, ಹಿಟ್ಟಿನಲ್ಲಿ ಸದ್ದಿಲ್ಲದೆ ಮುಳುಗಿತ್ತು.

"ನಾ ಏನ್ ಇಟ್ಕೊಂಡ್ನೇನ? ಹಿಟ್ಟಿನಾಗ ಬಂದೈತಿ" ಎಂದು ಶಾಂತಕ್ಕ ಎಲ್ಲರ ಮುಖ ನೋಡಿ ಹೇಳಿದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ದ್ಯಾಮವ್ವ ಬಟ್ಟೆಯ ನಾಲ್ಕು ಮೂಲೆ ಹಿಡಿದು, ಹಿಟ್ಟನ್ನು ಚೀಲಕ್ಕೆ ಸುರಿದು, ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಅಳದ ನೋಡ್ಕೋರಿ ಅಣ್ಣಾರ. ಕಡಿಮಿ ಬಂದ್ರ ಮತ್ತ ಬರ್ರಿ" ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ಹೊಡೆದು ಮುಚ್ಚಲಿಲ್ಲ. ಮೆಲ್ಲಗೆ ಮುಚ್ಚಿದಳು. ಆ ಚೀಲ ಹಿಡಿದು ಓಣಿಯುದ್ದಕ್ಕೆ ತಲೆ ತಗ್ಗಿಸಿ ನಡೆದು ಬಂದೆ. ಹೊಲದ ಜಗಳದಲ್ಲಿ ಕುಡಗೋಲು ಎತ್ತಿದವರ ನಡುವೆ ನಿಂತಾಗಲೂ ತಲೆ ತಗ್ಗಿಸಿರಲಿಲ್ಲ.

ಮನೆಗೆ ಬಂದು ಅಶ್ವಿನಿಯ ಮೊಬೈಲ್ ಇಸಿದುಕೊಂಡು ನೋಡಿದೆ. ನಾವು ಹೋಗುವ ಮುಂಚೆ ನೋಡಿದ ನಕ್ಷೆಯ ಚಿತ್ರವನ್ನು ಅವಳು ತೆಗೆದಿಟ್ಟಿದ್ದಳು. ಚುಕ್ಕಿಯ ಸುತ್ತ ವರ್ತುಲವಿತ್ತು. ತೆಳ್ಳಗೆ, ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು. ಅದರೊಳಗೆ ಏಳು ಮನೆಗಳಿದ್ದವು. ಮೊಬೈಲ್ ಸ್ಟೀಲಿನ ಡಬ್ಬಿಯಲ್ಲಿ, ಹಿಟ್ಟಿನ ತಳದಲ್ಲಿ, ಮುಚ್ಚಳದ ಕೆಳಗೆ ಇತ್ತು. ಅದಕ್ಕೆ ಆಕಾಶ ಕಾಣುತ್ತಿರಲಿಲ್ಲ. ಸುತ್ತಲಿನ ಟವರು, ಅವರಿವರ ಮನೆಯ ವೈಫೈ ಹಿಡಿದು ಒಂದು ಅಂದಾಜು ಕಟ್ಟಿ, ಇದು ಅಂದಾಜು ಎಂದು ವರ್ತುಲ ಬರೆದು ತೋರಿಸಿತ್ತು. ಪ್ರಾಮಾಣಿಕವಾಗಿಯೇ ಹೇಳಿತ್ತು. ಎಲ್ಲ ತಣ್ಣಗಾದ ಮೇಲೆ ಒಂದು ದಿನ ಟೇಪು ಹಿಡಿದು ಅಳೆದೆ. ಅಳೆಯದಿದ್ದರೆ ನನಗೆ ಸಮಾಧಾನವಿಲ್ಲ. ದ್ಯಾಮವ್ವನ ಖೋಲಿಯ ನಡುವಿನಿಂದ ಶಾಂತಕ್ಕನ ಡಬ್ಬಿಗೆ, ಗೋಡೆ ಸೇರಿಸಿ, ಹತ್ತೊಂಬತ್ತು ಅಡಿ ನಾಲ್ಕು ಇಂಚು. ಒಂದು ಸರಪಳಿಯೂ ಆಗುವುದಿಲ್ಲ. ಆಕಾಶ ಕಾಣದೆ ಕಟ್ಟಿದ ಅಂದಾಜಿಗೆ ಇದು ಮೆಚ್ಚಬೇಕಾದ ಅಳತೆ. ಹೊಲದಲ್ಲಾದರೆ ಬೆನ್ನು ತಟ್ಟುತ್ತಿದ್ದೆ. ಓಣಿಯಲ್ಲಿ ಹತ್ತೊಂಬತ್ತು ಅಡಿ ಎಂದರೆ ಬೇರೆ ಮನೆ, ಬೇರೆ ಒಲೆ, ಬೇರೆ ಮರ್ಯಾದೆ.

ಈ ವರ್ತುಲದ ಲೆಕ್ಕವನ್ನು ನಾನು ಸರೋಜಾಗೆ ಅಂದೇ ರಾತ್ರಿ ಊಟಕ್ಕೆ ಕೂತಾಗ ವಿವರಿಸತೊಡಗಿದೆ. ಅವಳು ಅರ್ಧಕ್ಕೆ ತಡೆದಳು.

"ಡಬ್ಬಿ ಬದಲಿ ಚೀಲದಾಗ ಬಿದ್ದಿದ್ರ?"

"ಅಂದ್ರ?"

"ಆ ಮೊಬೈಲು ದ್ಯಾಮವ್ವನ ಹಿಟ್ಟಿನ್ಯಾಗ ಬಿದ್ದಿದ್ರ ಏನಂತಿದ್ರಿ? ಚುಕ್ಕಿ ಬರೋಬ್ಬರಿ ಇರ್ತಿತ್ತು. ನೀವು ಬರೋಬ್ಬರಿ ಇರ್ತಿದ್ರೇನು?"

ಶಾಂತಕ್ಕನ ಡಬ್ಬಿಯಲ್ಲಿ ಸಿಕ್ಕಾಗ, ಹಿಟ್ಟಿನಲ್ಲಿ ಬಿದ್ದಿತ್ತು ಎಂದು ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ದ್ಯಾಮವ್ವನ ಚೀಲದಲ್ಲಿ ಸಿಕ್ಕಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ನಾನು ಮೊಬೈಲ್ ಒರೆಸಿಕೊಂಡು ಬಂದು, ಆ್ಯಪ್ ಎಷ್ಟು ನಿಖರವಾಗಿದೆ ಎಂದು ನಾಲ್ಕು ಮಂದಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಅವಳು ಖೋಲಿ ಬಿಟ್ಟು ದುಂಡಸಿಯ ಬಸ್ಸು ಹತ್ತುತ್ತಿದ್ದಳು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅವಳು ತಿರುಗಿ ಕೊಟ್ಟ ಹಿಟ್ಟಿನ ಚೀಲ ಬಾಯಿ ಕಟ್ಟಿಕೊಂಡು ಕೂತಿತ್ತು. ಸರೋಜಾ ಅದನ್ನು ನಮ್ಮ ಹಿಟ್ಟಿಗೆ ಸೇರಿಸಲಿಲ್ಲ. ಹತ್ತು ಮನೆಯ ರೊಟ್ಟಿಯಲ್ಲಿ ಲಗ್ನ ಸಾಗುತ್ತಿತ್ತು, ಅದು ಮಾತಲ್ಲ.

ಮರುದಿನ ಬೆಳಿಗ್ಗೆ, ದ್ಯಾಮವ್ವ ಶಾಲೆಗೆ ಹೊರಡುವ ಮೊದಲು, ಚೀಲ ಹಿಡಿದು ಹೋದೆ. ಅವಳು ಹೊರಗೆ ಪಾತ್ರೆ ತಿಕ್ಕುತ್ತಿದ್ದಳು.

"ದ್ಯಾಮವ್ವಾ, ನಂದು ತಪ್ಪಾತು" ಅಂದೆ. "ಕೇಳಲಿಲ್ಲ, ಹೇಳಿದ್ನಿ. ಅದ ತಪ್ಪು."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಒಂದ ಮಾತ ಕೇಳತೇನಿ ಅಣ್ಣಾರ. ಕೋಳಿ ಕೂಗಲಾರದ ಹೋಗಿದ್ರ, ಇವತ್ತ ನೀವು ಬರ್ತಿದ್ರೇನು?"

ಒಳ್ಳೆಯ ಉತ್ತರ ಒಂದು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. "ಇಲ್ಲ" ಅಂದೆ. "ಸಂಶೆ ಇಟ್ಕೊಂಡ ಮನ್ಯಾಗ ಕುಂದರ್ತಿದ್ನಿ."

ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. "ಖರೇ ಹೇಳಿದ್ರಿ" ಅಂದಳು. ಪಾತ್ರೆ ತೊಳೆದು ಬೋರಲು ಹಾಕಿ, ಕೈ ಝಾಡಿಸಿದಳು. "ನಿಮ್ಮ ಕೈಯಾನ ಹಿಟ್ಟ ನಾ ತೊಗೊಳ್ಳೂದಿಲ್ಲ. ಅಕ್ಕಾರು ತಂದ ಕೊಟ್ರ ತೊಗೊಂತೇನಿ. ಅವರು ಬರೂದಿಲ್ಲ, ನನಗೂ ಗೊತ್ತೈತಿ. ಆದ್ರ ಇದ ನನ್ನ ಮಾತು."

ಶಾಂತಕ್ಕನ ಮನೆಗೆ ಹೋಗಿ ಹೇಳಿದೆ. ಎಪ್ಪತ್ತು ವರ್ಷದ ಶಾಂತಕ್ಕ ಯಾರ ಬಾಗಿಲಿಗೂ ತಪ್ಪಾಯಿತೆಂದು ಹೋದವಳಲ್ಲ. ನನಗೆ ಬಾಲ್ಯದಲ್ಲಿ ಹೊಡೆದದ್ದಕ್ಕೂ ಇನ್ನೂ ಹೋಗಿಲ್ಲ. "ಆಕೀ ಮನೀಗೆ ನಾನ? ಹುಚ್ಚ ಹಿಡದೈತೇನೋ ತಮ್ಮಾ ನಿನಗ?" ಅಂದಳು. ನಾನು ಚೀಲವನ್ನು ಅವಳ ಕಟ್ಟೆಯ ಮೇಲೆ ಇಟ್ಟು, "ಇಲ್ಲೇ ಇರ್ಲಿ ಅಕ್ಕಾ" ಎಂದಷ್ಟೇ ಹೇಳಿ ಬಂದೆ. ಅಂದು ಮಧ್ಯಾಹ್ನ ಎರಡು ಸಲ ಓಣಿಯಲ್ಲಿ ಸುಮ್ಮನೆ ನಡೆದು ಬಂದೆ. ಎರಡು ಸಲವೂ ಚೀಲ ಅಲ್ಲೇ ಇತ್ತು. ಮೂರನೆಯ ಸಲ, ನಾಲ್ಕೂವರೆಗೆ, ಇರಲಿಲ್ಲ. ಶಾಂತಕ್ಕನ ಬಾಗಿಲಿಗೆ ಚಿಲಕ ಹಾಕಿತ್ತು. ಗೋಡೆಯ ಈಚೆ, ನೀಲಿ ತಗಡಿನ ಕೆಳಗೆ, ರೊಟ್ಟಿ ಬಡಿಯುವ ಸದ್ದು. ಎರಡು ಕೈಗಳ ಸದ್ದಲ್ಲ, ನಾಲ್ಕು ಕೈಗಳದು. ಒಂದು ಜೋಡಿ ಬೇಗ ಬೇಗ, ಇನ್ನೊಂದು ನಿಧಾನವಾಗಿ.

ಶಾಂತಕ್ಕ ಏನು ಹೇಳಿ ಒಳಗೆ ಹೋದಳೋ ನನಗೆ ಗೊತ್ತಿಲ್ಲ. ನಾನು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಾನು ಕಿವಿಯಾರೆ ಕೇಳಿದ್ದು ಇಷ್ಟು.

"ಅಕ್ಕಾರ, ಅಂಚ ದಪ್ಪ ಉಳೀತು ನೋಡ್ರಿ."

"ನನಗ ರೊಟ್ಟಿ ಕಲಸ್ತೀಯೇನ? ನೀ ಹುಟ್ಟೂ ಮೊದ್ಲಿಂದ ಬಡೀತೇನಿ."

"ಅದಕ್ಕ ದಪ್ಪ ಆಗ್ಯಾವು. ಆಗಿನ ಕಾಲದ್ದು."

ಆಮೇಲೆ ಶಾಂತಕ್ಕ, "ನಮ್ಮ ತಮ್ಮ ನೋಡು, ಸಣ್ಣಾಂವ ಇದ್ದಾಗ ಎಮ್ಮಿ ಹಿಂದ ಎಣಿಸಿಕೊಂತ ಹೋಗಿ ಕೆಸರಾಗ ಬಿದ್ದಿದ್ದ" ಎಂದು ನನ್ನ ಮರ್ಯಾದೆಯನ್ನೂ ಹಂಚಿನ ಮೇಲೆ ಹಾಕಿದಳು. ಇಬ್ಬರೂ ನಕ್ಕರು. ಶಾಂತಕ್ಕನ ನಗು ನನಗೆ ಗೊತ್ತು. ದ್ಯಾಮವ್ವನದನ್ನು ಅಷ್ಟು ಜೋರಾಗಿ ಮೊದಲ ಸಲ ಕೇಳಿದೆ.

ತಿರುಗಿ ಹೊರಟವನ ಚಪ್ಪಲಿ ಸದ್ದು ಮಾಡಿತೋ ಏನೋ, ದ್ಯಾಮವ್ವ ಬಾಗಿಲಿಗೆ ಬಂದಳು. ಕೈತುಂಬ ಹಿಟ್ಟು. ಒಂದು ಬಿಸಿ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ, ಒಂದು ಹನಿ ಎಣ್ಣೆ.

"ತೊಗೋರಿ. ಲಗ್ನದ್ದು ಅಲ್ಲ, ಇದು ಬ್ಯಾರೆ" ಅಂದಳು.

ನಾನು ಹೊಸ್ತಿಲ ಹೊರಗೆ ನಿಂತೇ ಕೈ ಚಾಚಿದೆ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಿಂತ ತಿನ್ನಬ್ಯಾಡ್ರಿ. ಒಳಗ ಬಂದ ಕುಂದರ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಟ್ರಂಕು ತನ್ನ ಜಾಗದಲ್ಲಿತ್ತು, ಡಬ್ಬಿಗಳಿಗೆ ಮುಚ್ಚಳವಿತ್ತು. ಶಾಂತಕ್ಕ ನನ್ನ ಕಡೆ ನೋಡದೆ ಸರಿದು ಜಾಗ ಮಾಡಿದಳು. ಗೋಡೆಗೆ ಒರಗಿ ಕೂತು, ರೊಟ್ಟಿ ಮುರಿದೆ.